ವಾರ್ಡಿನ ಗಾಳಿಯ ರಿಪೋರ್ಟು ವಾರ್ಡಿನಲ್ಲೇ ಬರಲಿ: ಆಸ್ಪತ್ರೆಗಳಿಗೆ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಆಸ್ಪತ್ರೆಗಳಲ್ಲಿ ಸೋಂಕು ತಡೆಯುವ ನಿಯಮ ಬರೆಯುವವರು ನೀವು. ಕೈ ತೊಳೆಯುವುದಕ್ಕೆ ನಿಮ್ಮ ನಿಯಮ ಇದೆ. ಸೂಜಿ ಬಿಸಾಡುವುದಕ್ಕೆ, ನೆಲ ಒರೆಸುವುದಕ್ಕೆ, ಹಾಸಿಗೆ ಬಟ್ಟೆ ಒಗೆಯುವುದಕ್ಕೂ ಇದೆ. ಗಾಳಿ ಗಂಟೆಗೆ ಎಷ್ಟು ಸಲ ಬದಲಾಗಬೇಕು, ಎಲ್ಲಿ ಯಾವ ಫಿಲ್ಟರ್ ಇರಬೇಕು ಎಂದೂ ಹೇಳಿದ್ದೀರಿ. ಆದರೆ ಆ ಗಾಳಿಯಲ್ಲಿ ಇವತ್ತು, ಈ ಹೊತ್ತಿನಲ್ಲಿ, ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಇದೆಯಾ ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಮೂರು ದಿನ ಬಿಟ್ಟು ಕೇಳಿ ಅನ್ನುತ್ತಾರೆ. ಹಾಗೆ ಅನ್ನುವವರಲ್ಲಿ ನಾನೂ ಒಬ್ಬ. ಆಸ್ಪತ್ರೆ ಲ್ಯಾಬಿನಲ್ಲಿ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದೇ ನನ್ನ ಕೆಲಸ.

ಮೂರು ದಿನ ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅಂಗೈ ಅಗಲದ, ಸುಮಾರು 9 ಸೆಂಟಿಮೀಟರ್ ಅಡ್ಡಳತೆಯ ಪ್ಲೇಟು. ಅದರಲ್ಲಿ ಅಗಾರ್ ಎಂಬ, ಬ್ಯಾಕ್ಟೀರಿಯಾಕ್ಕೆ ಆಹಾರ ಬೆರೆಸಿದ ಜೆಲ್ಲಿ ಹೆಪ್ಪುಗಟ್ಟಿರುತ್ತದೆ. ನೆಲದಿಂದ ಒಂದು ಮೀಟರ್ ಎತ್ತರ, ಗೋಡೆಯಿಂದ ಒಂದು ಮೀಟರ್ ದೂರ, ಮುಚ್ಚಳ ತೆಗೆದು ಒಂದು ಗಂಟೆ ಹಾಗೇ ಬಿಡುತ್ತೇವೆ. ಮೇಲಿನಿಂದ ಏನು ಬೀಳುತ್ತದೋ ಅದು ಬಿತ್ತು. ಆಮೇಲೆ ಇನ್‌ಕ್ಯುಬೇಟರ್‌ಗೆ. ಮಾರನೇ ದಿನ ನೋಡಿದರೆ ಬಿಳಿ, ಹಳದಿ, ಕೆನೆ ಬಣ್ಣದ ಚುಕ್ಕೆಗಳು ಎದ್ದಿರುತ್ತವೆ. ಒಂದೊಂದು ಚುಕ್ಕೆಯೂ ಒಂದು ಕಾಲೊನಿ. ಅದರಲ್ಲಿ ಅನುಮಾನದ್ದನ್ನು ಆರಿಸಿ ಬೇರೆ ಪ್ಲೇಟಿಗೆ ಗೀರಬೇಕು. ಬೆಳೆದ ಮೇಲೆ ಯಾವುದೆಂದು ಗುರುತಿಸಬೇಕು. ಆಮೇಲೆ ಆಂಟಿಬಯಾಟಿಕ್ ಡಿಸ್ಕ್ ಇಟ್ಟು ಮತ್ತೆ 16ರಿಂದ 20 ಗಂಟೆ ಕಾಯಬೇಕು. ಡಿಸ್ಕಿನ ಸುತ್ತ ಖಾಲಿ ಉಂಗುರ ಬಿಡದೆ ಬ್ಯಾಕ್ಟೀರಿಯಾ ಅಂಚಿನವರೆಗೂ ಹಬ್ಬಿದ್ದರೆ ಆ ಔಷಧ ಅದಕ್ಕೆ ನಾಟುತ್ತಿಲ್ಲ ಎಂದರ್ಥ. ರಿಪೋರ್ಟ್ ಬರೆದು ಕಳಿಸುವಷ್ಟರಲ್ಲಿ ಆ ಹಾಸಿಗೆಯಲ್ಲಿ ಬೇರೆ ರೋಗಿ ಮಲಗಿರುತ್ತಾರೆ. ಕ್ಷಯದ ಬ್ಯಾಕ್ಟೀರಿಯಾ ಆದರೆ ದಿನಗಳ ಮಾತೇ ಇಲ್ಲ, ವಾರಗಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ತಡ ಒಂದೇ ಅಲ್ಲ ತೊಂದರೆ. ಈ ಪ್ಲೇಟಿಗೆ ಬೀಳುವುದು ಭಾರದ ಕಣ ಮಾತ್ರ. ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಗಾತ್ರದ ಕಣ ಒಂದೂವರೆ ಮೀಟರ್ ಎತ್ತರದಿಂದ ನೆಲ ಮುಟ್ಟಲು ಎಂಟು ನಿಮಿಷ ಸಾಕು. ಒಂದು ಮೈಕ್ರಾನ್ ಕಣಕ್ಕೆ ಸುಮಾರು 12 ಗಂಟೆ ಬೇಕು. ಶ್ವಾಸಕೋಶದ ಆಳಕ್ಕೆ ಇಳಿಯುವುದು ಸಣ್ಣ ಕಣಗಳೇ. ಅಂದರೆ ನಾವು ಹೆಚ್ಚು ಹೆದರಬೇಕಾದ್ದು ನಮ್ಮ ಪ್ಲೇಟಿನ ಮೇಲೆ ಹಾದು ಹೊರಟುಹೋಗುತ್ತದೆ. ಅಮೆರಿಕದ ವಿಜ್ಞಾನಿ ವಿಲಿಯಂ ವೆಲ್ಸ್ ಇದನ್ನು 1930ರ ದಶಕದಲ್ಲೇ ಹೇಳಿದ್ದರು. ಕೆಮ್ಮಿನ ಹನಿ ಒಣಗಿ ಪುಟ್ಟ ಕಣವಾದರೆ ಗಾಳಿಯಲ್ಲೇ ಉಳಿಯುತ್ತದೆ ಎಂದು. ಅವರ ಜೊತೆಗಾರ ರಿಚರ್ಡ್ ರೈಲಿ 1950ರ ದಶಕದಲ್ಲಿ ಬಾಲ್ಟಿಮೋರಿನಲ್ಲಿ ಆರು ಹಾಸಿಗೆಯ ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲೆ ಎಳೆದು, ಗಿನಿಯಿಲಿಗಳ ಗೂಡಿಗೆ ಬಿಟ್ಟರು. ಇಲಿಗಳಿಗೂ ರೋಗಿಗಳಿಗೂ ಗಾಳಿ ಬಿಟ್ಟರೆ ಬೇರೆ ನಂಟೇ ಇರಲಿಲ್ಲ. ಇಲಿಗಳಿಗೆ ಕ್ಷಯ ಬಂತು.

ಎಲ್ಲ ಸೋಂಕೂ ಗಾಳಿಯಿಂದಲೇ ಬರುತ್ತದೆ ಎಂದು ನಾನು ವಾದಿಸುತ್ತಿಲ್ಲ. ಆಸ್ಪತ್ರೆಯಲ್ಲಿ ಇಂಥ ಬ್ಯಾಕ್ಟೀರಿಯಾ ಹರಡುವ ದೊಡ್ಡ ದಾರಿ ಕೈಗಳೇ. ಆದರೆ ಗಾಳಿಯೂ ಒಂದು ದಾರಿ, ಮತ್ತು ನಾವು ಕಣ್ಣು ಮುಚ್ಚಿ ಕೂತಿರುವ ದಾರಿ. ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾದಿಂದ 2019ರಲ್ಲಿ ಜಗತ್ತಿನಲ್ಲಿ ನೇರವಾಗಿ ಸುಮಾರು 12.7 ಲಕ್ಷ ಜನ ಸತ್ತರು ಎಂಬುದು 2022ರಲ್ಲಿ ಹೊರಬಂದ ಅಂದಾಜು. ಇಷ್ಟು ದೊಡ್ಡ ಶತ್ರು ಎದುರಿಗಿರುವಾಗ ಒಂದು ದಾರಿಯನ್ನು ಕಾಯದೆ ಬಿಡುವುದಕ್ಕೆ ಕಾರಣ ಬೇಕಲ್ವಾ?

ಹಾಸಿಗೆ ಬದಲಾಯಿಸುವ ಹೊತ್ತನ್ನೇ ತೆಗೆದುಕೊಳ್ಳಿ. ಬ್ಯಾಕ್ಟೀರಿಯಾ ಒಂಟಿಯಾಗಿ ಹಾರುವುದು ಕಡಿಮೆ. ನಮ್ಮ ಮೈಯಿಂದ ಸದಾ ಉದುರುವ ಚರ್ಮದ ಹೊಟ್ಟಿನ ಮೇಲೆ ಕೂತು ಬರುತ್ತದೆ. ರೋಗಿ ರಾತ್ರಿಯಿಡೀ ಮಲಗಿದ ಹಾಸಿಗೆಯಲ್ಲಿ ಆ ಹೊಟ್ಟು ತುಂಬಿರುತ್ತದೆ. ಬೆಳಿಗ್ಗೆ ಬೆಡ್‌ಶೀಟ್ ಎಳೆದು ಒಂದು ಸಲ ಕೊಡವಿದರೆ ಸಾಕು, ಎಲ್ಲ ಮೇಲೆ. ಎಂಆರ್‌ಎಸ್‌ಎ (ಮೆಥಿಸಿಲಿನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ) ಇರುವ ರೋಗಿಗಳ ಕೋಣೆಗಳಲ್ಲಿ ಜಪಾನಿನ ಸಂಶೋಧಕರು ಇದನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ಹಾಸಿಗೆ ಸರಿಮಾಡುವಾಗಲೂ ಅದಾಗಿ ಹದಿನೈದು ನಿಮಿಷದವರೆಗೂ ಗಾಳಿಯಲ್ಲಿ ಎಂಆರ್‌ಎಸ್‌ಎ ಜಾಸ್ತಿ ಇತ್ತು. ಈಗ ಹೇಳಿ, ಮಧ್ಯಾಹ್ನ ಎಲ್ಲ ಶಾಂತವಾದ ಮೇಲೆ ಮೂಲೆಯಲ್ಲಿಟ್ಟ ಪ್ಲೇಟು ಇದನ್ನು ಹೇಗೆ ಹಿಡಿದೀತು?

ಬೇಗ ಪತ್ತೆ ಮಾಡುವ ದಾರಿಗಳು ಇವೆ. ಕೆಲಸ ಮೂರು ಹಂತದ್ದು: ಗಾಳಿಯಿಂದ ಬ್ಯಾಕ್ಟೀರಿಯಾ ಹಿಡಿಯುವುದು, ಅದನ್ನು ಒಡೆದು ಡಿಎನ್‌ಎ ಹೊರತೆಗೆಯುವುದು, ಅದರಲ್ಲಿ ಔಷಧವನ್ನು ಸೋಲಿಸುವ ಜೀನ್ ಇದೆಯಾ ಎಂದು ನೋಡುವುದು. ಕೊನೆಯ ಎರಡು ಈಗ ಸಲೀಸು. ಪಿಸಿಆರ್ ಎಲ್ಲರಿಗೂ ಗೊತ್ತು: ಮತ್ತೆ ಮತ್ತೆ ಬಿಸಿ ಮಾಡಿ ತಣಿಸುತ್ತಾ, ಬೇಕಾದ ಡಿಎನ್‌ಎ ತುಣುಕು ಇದ್ದರೆ ಅದನ್ನು ಕಾಣುವಷ್ಟು ಪ್ರತಿ ಮಾಡುವ ವಿಧಾನ. 2000ದಲ್ಲಿ ಜಪಾನಿನವರು ಪ್ರಕಟಿಸಿದ, ಅದೇ ಕೆಲಸ ಮಾಡುವ ಲ್ಯಾಂಪ್ (LAMP) ಎಂಬ ವಿಧಾನಕ್ಕೆ ಬಿಸಿ ಮಾಡಿ ತಣಿಸುವ ಯಂತ್ರವೂ ಬೇಡ. 65 ಡಿಗ್ರಿಯ ಆಸುಪಾಸಿನಲ್ಲಿ ಒಂದೇ ಬಿಸಿಯಲ್ಲಿ ಇಟ್ಟರೆ ಒಂದು ಗಂಟೆಯೊಳಗೆ ಉತ್ತರ. ಬೇಕಾದ ಬಣ್ಣ ಹಾಕಿಟ್ಟರೆ ಟ್ಯೂಬಿನ ಬಣ್ಣವೇ ಬದಲಾಗುತ್ತದೆ.

ಕಷ್ಟ ಇರುವುದು ಮೊದಲ ಹಂತದಲ್ಲಿ, ಹಿಡಿಯುವುದರಲ್ಲಿ. ಗಾಳಿಯಲ್ಲಿ ನಮಗೆ ಬೇಕಾದ ಬ್ಯಾಕ್ಟೀರಿಯಾ ತೀರಾ ವಿರಳ. ಒಂದು ಘನ ಮೀಟರಿಗೆ ಒಂದೇ ಒಂದು ಇದೆ ಅಂದುಕೊಳ್ಳಿ. 1958ರಿಂದ ಬಳಕೆಯಲ್ಲಿರುವ ಆಂಡರ್ಸನ್ ಸ್ಯಾಂಪ್ಲರ್ ನಿಮಿಷಕ್ಕೆ 28.3 ಲೀಟರ್ ಗಾಳಿ ಎಳೆಯುತ್ತದೆ. ಒಂದು ಘನ ಮೀಟರ್ ಎಳೆಯಲು ಅದಕ್ಕೆ 35 ನಿಮಿಷ ಬೇಕು. ನಿಮಿಷಕ್ಕೆ 300 ಲೀಟರ್ ಎಳೆದು ಸುಳಿಯಂತೆ ತಿರುಗಿಸಿ ದ್ರವಕ್ಕೆ ಇಳಿಸುವ ಯಂತ್ರಗಳೂ ಇವೆ. ಅವಕ್ಕೆ ಮೂರ್ನಾಲ್ಕು ನಿಮಿಷ ಸಾಕು. ಆದರೆ ಜೋರಾಗಿ ಎಳೆದಷ್ಟೂ ಬ್ಯಾಕ್ಟೀರಿಯಾಕ್ಕೆ ಪೆಟ್ಟು ಜಾಸ್ತಿ, ಒಣಗುವುದೂ ಜಾಸ್ತಿ. ಹಿಡಿದದ್ದು ಹಿಡಿಯುವಾಗಲೇ ಸತ್ತರೆ ಅದು ಗಾಳಿಯಲ್ಲಿ ಬದುಕಿತ್ತೋ ಇಲ್ಲವೋ ಹೇಳುವುದು ಹೇಗೆ? ಯಂತ್ರ ಮಾರುವವರ ಕರಪತ್ರದಲ್ಲಿ ಕೊನೆಯ ಹಂತದ ವೇಗ ದಪ್ಪ ಅಕ್ಷರದಲ್ಲಿರುತ್ತದೆ. ಎಷ್ಟು ಗಾಳಿ ಎಳೆದರು ಅನ್ನುವುದು ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿ. ನೀವು ಮೊದಲು ಓದಬೇಕಾದದ್ದು ಅದನ್ನೇ.

ಇದೆಲ್ಲ ಕನಸಲ್ಲ ಅನ್ನುವುದಕ್ಕೆ ಒಂದು ಹಳೇ ಉದಾಹರಣೆ ಇದೆ. 2001ರಲ್ಲಿ ಅಮೆರಿಕದಲ್ಲಿ ಯಾರೋ ಅಂಚೆ ಲಕೋಟೆಗಳಲ್ಲಿ ಆಂಥ್ರಾಕ್ಸ್ ಎಂಬ ಮಾರಕ ರೋಗದ ಬ್ಯಾಕ್ಟೀರಿಯಾ ಇರುವ ಪುಡಿ ಕಳಿಸಿದರು. ಐವರು ಸತ್ತರು. ಅದಾದ ಮೇಲೆ ಅಲ್ಲಿನ ಅಂಚೆ ಇಲಾಖೆ ಕಾಗದ ವಿಂಗಡಿಸುವ ಯಂತ್ರಗಳ ಬಳಿ ಗಾಳಿ ಎಳೆಯುವ ಪೆಟ್ಟಿಗೆಗಳನ್ನು ಕೂರಿಸಿತು. ಎಳೆದ ಗಾಳಿ ದ್ರವಕ್ಕೆ ಇಳಿಯುತ್ತದೆ, ದ್ರವ ಪರೀಕ್ಷೆಯ ರಾಸಾಯನಿಕ ತುಂಬಿದ ಪುಟ್ಟ ಡಬ್ಬಿ, ಅಂದರೆ ಕಾರ್ಟ್ರಿಜ್‌ಗೆ ಹೋಗುತ್ತದೆ, ಪಿಸಿಆರ್ ಅಲ್ಲೇ ನಡೆಯುತ್ತದೆ. ಲ್ಯಾಬಿಗೆ ಕಳಿಸಿ ಕಾಯುವ ಮಾತಿಲ್ಲ. ಅದೇ ಕಾರ್ಟ್ರಿಜ್ ತಂತ್ರ ಆಮೇಲೆ ಕ್ಷಯದ ಪರೀಕ್ಷೆಗೆ ಬಂತು. 2010ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕಫದಲ್ಲಿ ಕ್ಷಯ ಇದೆಯಾ, ಇದ್ದರೆ ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುತ್ತದಾ ಎಂದು ಎರಡು ಗಂಟೆಯೊಳಗೆ ಹೇಳುತ್ತದೆ. ಅಂದರೆ ಅಂಚೆ ಕಚೇರಿಯ ಗಾಳಿಗೆ ಸಿಕ್ಕ ಮರ್ಯಾದೆ ಐಸಿಯುವಿನ ಗಾಳಿಗೆ ಇನ್ನೂ ಸಿಕ್ಕಿಲ್ಲ.

ಇಷ್ಟು ಓದಿದ ಕೂಡಲೇ ಟೆಂಡರ್ ಕರೆಯಬೇಡಿ ದಯವಿಟ್ಟು. ಪೆಟ್ಟಿಗೆ ಬೇಗ ಉತ್ತರ ಕೊಡುತ್ತದೆ, ನಿಜ. ಯಾವ ಪ್ರಶ್ನೆಗೆ ಅನ್ನುವುದೇ ಮುಖ್ಯ.

ಒಂದು ಲೆಕ್ಕ ನೋಡಿ. ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆಯಲ್ಲಿ, ಹೊಸದಾಗಿ ಏನೂ ಸೇರದಿದ್ದರೆ, ತೇಲುವ ಕಣಗಳಲ್ಲಿ ನೂರಕ್ಕೆ 99 ಭಾಗ 23 ನಿಮಿಷದಲ್ಲಿ ಹೊರಹೋಗುತ್ತದೆ. ಎರಡೇ ಸಲ ಬದಲಾಗುವ ಕೋಣೆಯಲ್ಲಿ ಅದಕ್ಕೆ 2 ಗಂಟೆ 18 ನಿಮಿಷ ಬೇಕು. ನಮ್ಮ ಅತಿ ವೇಗದ ಪರೀಕ್ಷೆಗೂ ಗಾಳಿ ಎಳೆಯುವುದು ಸೇರಿ ಒಂದೂವರೆ ಎರಡು ಗಂಟೆ ಹಿಡಿಯುತ್ತದೆ. ಒಳ್ಳೆಯ ಕೋಣೆಯಲ್ಲಿ ಉತ್ತರ ಬರುವ ಹೊತ್ತಿಗೆ ನಾವು ಪರೀಕ್ಷೆ ಮಾಡಿದ ಗಾಳಿ ಕೋಣೆಯಲ್ಲೇ ಇರುವುದಿಲ್ಲ! ಹಾಗಾದರೆ ಪರೀಕ್ಷೆ ಯಾಕೆ? ಗಾಳಿ ಹೋದರೂ ಅದಕ್ಕೆ ಬ್ಯಾಕ್ಟೀರಿಯಾ ಬಿಡುತ್ತಿರುವ ಜಾಗ ಅಲ್ಲೇ ಇರುತ್ತದೆ. ಅದು ಸಿಂಕಿನ ಕೊಳವೆ ಇರಬಹುದು. ಹಾಸಿಗೆ ಇರಬಹುದು. ಎಸಿಯ ಡಕ್ಟ್ ಇರಬಹುದು. ಲಕ್ಷಣವೇ ಇಲ್ಲದೆ ಬ್ಯಾಕ್ಟೀರಿಯಾ ಹೊತ್ತುಕೊಂಡಿರುವ ಒಬ್ಬ ರೋಗಿಯೋ ಸಿಬ್ಬಂದಿಯೋ ಇರಬಹುದು. ನಾವು ಹುಡುಕಬೇಕಾದದ್ದು ಅದನ್ನು.

ಸ್ಥಳದಲ್ಲೇ ಪರೀಕ್ಷೆ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ವೇಗದ ಲಾಭ ಅಂದರೆ ಒಂದೇ ದಿನದಲ್ಲಿ ಎರಡನೇ ಪ್ರಶ್ನೆ ಕೇಳಬಹುದು. ಬೆಳಿಗ್ಗೆ ವಾರ್ಡಿನ ನಡುವೆ ಗಾಳಿ ಎಳೆದೆವು, ಕಾರ್ಬಪೆನೆಮ್‌ಗೆ (ಬೇರೆ ಔಷಧ ನಾಟದಾಗ ಬಳಸುವ ಪ್ರಬಲ ಆಂಟಿಬಯಾಟಿಕ್‌ಗಳ ಗುಂಪು) ಬಗ್ಗದ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಗುರುತು ಸಿಕ್ಕಿತು ಅನ್ನಿ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2017ರ ಪಟ್ಟಿಯಲ್ಲೂ 2024ರ ಪಟ್ಟಿಯಲ್ಲೂ ಅತಿ ಗಂಭೀರ ಎಂದು ಮೇಲೆ ಇಟ್ಟಿರುವ ಬ್ಯಾಕ್ಟೀರಿಯಾ ಅದು. ಒಣ ಜಾಗದಲ್ಲೂ ವಾರಗಟ್ಟಲೆ ಬದುಕುತ್ತದೆ. ಮಧ್ಯಾಹ್ನ ಯಂತ್ರವನ್ನು ಸಿಂಕಿನ ಪಕ್ಕ ಇಡಬಹುದು. ಆಮೇಲೆ ಕಿಟಕಿ ಪಕ್ಕದ ಹಾಸಿಗೆ ಹತ್ತಿರ, ಸಂಜೆ ಡಕ್ಟಿನ ಬಾಯಿಗೆ. ನಾಲ್ಕು ಉತ್ತರ ಜೋಡಿಸಿದರೆ ರಾತ್ರಿಯೊಳಗೆ ಹುಡುಕಾಟ ಒಂದು ಮೂಲೆಗೆ ಬಂದು ನಿಲ್ಲುತ್ತದೆ. ಲ್ಯಾಬಿಗೆ ಕಳಿಸುವ ಪದ್ಧತಿಯಲ್ಲಿ ಇದೇ ನಾಲ್ಕು ಪ್ರಶ್ನೆಗೆ ಹತ್ತು ಹನ್ನೆರಡು ದಿನ. ಅಷ್ಟರಲ್ಲಿ ರೋಗಿಗಳ ಜಾಗ ಬದಲಾಗಿ, ಎಲ್ಲ ಒರೆಸಿ, ಸುಳಿವು ಅಳಿಸಿಹೋಗಿರುತ್ತದೆ.

ಹಾಗಾಗಿ ಮೂಲೆಯಲ್ಲಿ ಮೊಳೆ ಹೊಡೆದು ನೇತುಹಾಕುವ ಯಂತ್ರ ನಮಗೆ ಬೇಡ. ಒಬ್ಬರು ಎತ್ತಿಕೊಂಡು ಹೋಗುವಂಥದ್ದು ಬೇಕು.

ಈಗ ಈ ಪರೀಕ್ಷೆಗಳು ಎಲ್ಲಿ ಎಡವುತ್ತವೆ ಅನ್ನುವುದನ್ನೂ ಹೇಳಬೇಕು. ನಿಯಮ ಬರೆಯುವವರು ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲೇ.

ಎಂಆರ್‌ಎಸ್‌ಎ ಹುಡುಕುವಾಗ ಎಲ್ಲರೂ ಮೊದಲು ನೋಡುವುದು ಮೆಕ್‌ಎ ಎಂಬ ಜೀನ್. ಆದರೆ ಆ ಜೀನ್ ಎಂಆರ್‌ಎಸ್‌ಎ ಒಂದರ ಸ್ವತ್ತಲ್ಲ. ನಮ್ಮೆಲ್ಲರ ಚರ್ಮದ ಮೇಲೆ ಸುಮ್ನೆ ಬದುಕಿಕೊಂಡಿರುವ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್‌ನಂಥವುಗಳಲ್ಲೂ ಅದು ಇರುತ್ತದೆ, ಆಸ್ಪತ್ರೆಯಲ್ಲಂತೂ ಜಾಸ್ತಿ. ನಾಲ್ಕು ಜನ ಓಡಾಡಿದ ಕೋಣೆಯ ಗಾಳಿಯಲ್ಲಿ ಮೆಕ್‌ಎ ಸಿಗದಿದ್ದರೇ ಆಶ್ಚರ್ಯ. ಬರೀ ಆ ಜೀನ್ ನೋಡಿ ಕೆಂಪು ದೀಪ ಹತ್ತಿಸುವ ಯಂತ್ರ ದಿನವೂ ಕೆಂಪು ದೀಪ ಹತ್ತಿಸುತ್ತದೆ. ಒಂದು ವಾರ ಆದ ಮೇಲೆ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಆ ಜೀನ್ ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಡಿಎನ್‌ಎಗೇ ಹೊಸೆದುಕೊಂಡಿದೆಯಾ ಎಂದು ಆ ಸೇರುವೆಯನ್ನೇ ನೋಡುವ ಪರೀಕ್ಷೆಗಳು ಇವೆ. ನಿಯಮದಲ್ಲಿ ಅಂಥದ್ದನ್ನು ಕೇಳಿ.

ಬೀದಿ ಗಾಳಿಯದ್ದೂ ಇದೇ ಕಥೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾರುಗಳ ಎಸಿ ಫಿಲ್ಟರಿನ ದೂಳು ತೆಗೆದು ಜಗತ್ತಿನ 19 ನಗರಗಳ ಗಾಳಿ ಪರೀಕ್ಷಿಸಿದರು. ಔಷಧ ಸೋಲಿಸುವ ಜೀನ್‌ಗಳು ಎಲ್ಲ ಕಡೆಯೂ ಸಿಕ್ಕವು. ಜೀನ್ ಸಿಕ್ಕಿತು ಅನ್ನುವುದಕ್ಕೂ ಜೀವಂತ ಬ್ಯಾಕ್ಟೀರಿಯಾ ಒಬ್ಬರ ಗಾಯಕ್ಕೆ ಇಳಿಯಿತು ಅನ್ನುವುದಕ್ಕೂ ನಡುವೆ ಬಹಳ ದೂರ ಇದೆ.

ಜೀವಂತ ಅಂದೆ. ಪಿಸಿಆರ್‌ಗೆ ಸತ್ತದ್ದೂ ಬದುಕಿದ್ದೂ ಒಂದೇ. ಕ್ರಿಮಿನಾಶಕದಲ್ಲಿ ಕೋಣೆ ತೊಳೆದ ಮೇಲೆ ಪರೀಕ್ಷೆ ಮಾಡಿದರೆ ಹೆಣಗಳ ಡಿಎನ್‌ಎ ಎದ್ದು ಬಂದು ಇದೆ ಅನ್ನುತ್ತದೆ. ಇದಕ್ಕೆ ಪಿಎಂಎ ಎಂಬ ಬಣ್ಣ ಬಳಸುತ್ತಾರೆ. ಸತ್ತ ಕೋಶದ ಪೊರೆ ಹರಿದಿರುತ್ತದೆ. ಬಣ್ಣ ಅಲ್ಲಿಂದ ಒಳಹೊಕ್ಕು, ಬೆಳಕು ಬಿಟ್ಟಾಗ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಆಮೇಲೆ ಪಿಸಿಆರ್‌ಗೆ ಅದು ಸಿಗುವುದಿಲ್ಲ. ಉಪಾಯ ಚೆನ್ನಾಗಿದೆ, ಪೂರ್ತಿ ನಂಬುವಂತಿಲ್ಲ. ಯುವಿ ದೀಪದಿಂದ ಸತ್ತ ಬ್ಯಾಕ್ಟೀರಿಯಾದ ಪೊರೆ ಹರಿಯದೆ ಉಳಿದಿರಬಹುದು. ಪಿಎಂಎ ಅದನ್ನು ಬದುಕಿದೆ ಎಂದೇ ಬಿಟ್ಟುಬಿಡುತ್ತದೆ. ನನಗೆ ಇದಕ್ಕಿಂತ ಹಿಡಿಸುವ ದಾರಿ ಇನ್ನೊಂದು. ಹಿಡಿದ ದ್ರವವನ್ನು ಎರಡು ಪಾಲು ಮಾಡಿ, ಎರಡಕ್ಕೂ ಪೌಷ್ಟಿಕ ದ್ರವ ಸೇರಿಸಿ, ಒಂದಕ್ಕೆ ಆಂಟಿಬಯಾಟಿಕ್ ಹಾಕಿ, ಕೆಲವು ಗಂಟೆ ಬೆಚ್ಚಗಿಡುವುದು. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯಾ ನಾಲ್ಕು ಗಂಟೆಯಲ್ಲಿ 256 ಪಟ್ಟು ಆಗುತ್ತದೆ. ಗಾಳಿಯಲ್ಲಿ ಸೊರಗಿ ಬಂದದ್ದಕ್ಕೆ ಚೇತರಿಸಿಕೊಳ್ಳಲು ಇನ್ನಷ್ಟು ಹೊತ್ತು ಬೇಕಾದೀತು. ಆಂಟಿಬಯಾಟಿಕ್ ಇದ್ದ ಪಾಲಿನಲ್ಲೂ ಡಿಎನ್‌ಎ ಏರಿದರೆ ಅದು ಬದುಕಿದೆ, ಔಷಧಕ್ಕೂ ಬಗ್ಗುವುದಿಲ್ಲ. ಎರಡೂ ಒಟ್ಟಿಗೆ ಗೊತ್ತಾಯಿತು. ಒಂದು ಶಿಫ್ಟ್ ಮುಗಿಯುವುದರೊಳಗೆ ಉತ್ತರ. ಇಪ್ಪತ್ತು ನಿಮಿಷದ ಉತ್ತರವೇ ಬೇಕು ಅನ್ನುವ ಹುಚ್ಚು ಬಿಟ್ಟರೆ ಇದು ಸಾಕು.

ಇನ್ನೊಂದು ತಮಾಷೆಯ ಸಂಗತಿ ಇದೆ, ನಮ್ಮಂಥ ಲ್ಯಾಬಿನವರಿಗೆ ಮಾತ್ರ ನಗು ತರಿಸುವಂಥದ್ದು. ಪಿಸಿಆರ್‌ಗೆ ಬೇಕಾದ ಎಂಜೈಮನ್ನು ತಯಾರಿಸುವುದೇ ಬ್ಯಾಕ್ಟೀರಿಯಾದಲ್ಲಿ. ಆ ಬ್ಯಾಕ್ಟೀರಿಯಾದೊಳಗೆ ಪೆನಿಸಿಲಿನ್ ಜಾತಿಯ ಔಷಧ ಸೋಲಿಸುವ ಟೆಮ್ ಜೀನ್ ಇರುವ ತುಣುಕು ಇಟ್ಟಿರುತ್ತಾರೆ. ಅದರ ಚೂರು ಎಂಜೈಮಿನ ಜೊತೆ ಉಳಿದುಬಿಡುವುದುಂಟು. ಆಗ ಗಾಳಿ ಎಳೆಯದೆಯೇ ಯಂತ್ರ ಗಾಳಿಯಲ್ಲಿ ಜೀನ್ ಇದೆ ಅನ್ನುತ್ತದೆ! ಅದಕ್ಕೇ ಪ್ರತಿ ದಿನ ಒಂದು ಖಾಲಿ ಓಟ ಕಡ್ಡಾಯ ಮಾಡಿ. ಫ್ಯಾನ್ ಹಾಕದೆ, ಮಿಕ್ಕಿದ್ದೆಲ್ಲ ಹಾಗೇ ಮಾಡಿ, ಉತ್ತರ ಇಲ್ಲ ಎಂದು ಬಂದರೆ ಮಾತ್ರ ಆ ದಿನದ ರಿಪೋರ್ಟಿಗೆ ಸಹಿ.

ಸುಳ್ಳು ಎಚ್ಚರಿಕೆ ಎಷ್ಟು ದುಬಾರಿ ಅನ್ನುವುದಕ್ಕೂ ಉದಾಹರಣೆ ಅಮೆರಿಕದಲ್ಲೇ ಇದೆ. ಜೈವಿಕ ದಾಳಿ ಪತ್ತೆಗೆ ಅಲ್ಲಿ 2003ರಲ್ಲಿ ನಗರಗಳಲ್ಲಿ ಬಯೋವಾಚ್ ಎಂಬ ಗಾಳಿ ಕಾವಲು ಶುರು ಮಾಡಿದರು. ಹುಡುಕುತ್ತಿದ್ದ ಬ್ಯಾಕ್ಟೀರಿಯಾಗಳಲ್ಲ, ಮಣ್ಣಿನಲ್ಲಿ ಮೊದಲಿಂದಲೂ ಇದ್ದ ಅವುಗಳ ಸಂಬಂಧಿಗಳೇ ಮತ್ತೆ ಮತ್ತೆ ಎಚ್ಚರಿಕೆ ಗಂಟೆ ಬಾರಿಸಿದವು. ತಾನೇ ಪರೀಕ್ಷೆ ಮಾಡಿ ಹೇಳುವ ಅದರ ಮುಂದಿನ ಪೀಳಿಗೆಯ ಯಂತ್ರವನ್ನು ಕೊಳ್ಳುವ ಯೋಜನೆ 2014ರಲ್ಲಿ ರದ್ದಾಯಿತು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದ್ದು ನಗರದ ಬೀದಿಯಲ್ಲಿ ಯಾಕೆ ಎಡವಿತು? ಅಂಚೆಯವರಿಗೆ ಎಲ್ಲಿ ಎಳೆಯಬೇಕು, ಏನು ಹುಡುಕಬೇಕು, ಸಿಕ್ಕರೆ ಯಾವ ಯಂತ್ರ ನಿಲ್ಲಿಸಬೇಕು ಎಂಬುದು ಮೊದಲೇ ಗೊತ್ತಿತ್ತು ಎಂದು ನನ್ನ ಅಭಿಪ್ರಾಯ.

ಆಸ್ಪತ್ರೆಗೂ ಅಷ್ಟೇ ಬೇಕು. ಮೊದಲು ಎಲ್ಲಿ ಬಳಸಬೇಕು ಎಂದು ಬರೆಯಿರಿ: ಸುಟ್ಟಗಾಯದ ವಾರ್ಡು, ಐಸಿಯು, ಕ್ಷಯ ಇರಬಹುದಾದವರಿಗೆ ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೋಡುವುದು) ಮಾಡುವ ಕೋಣೆ. ಯಾವಾಗ ಅನ್ನುವುದನ್ನೂ ಬರೆಯಿರಿ. ಹಾಸಿಗೆ ಬದಲಾಯಿಸುವ ಹೊತ್ತು, ಪ್ರತ್ಯೇಕ ಕೋಣೆ ತೊಳೆದು ಮುಂದಿನ ರೋಗಿಯನ್ನು ಕರೆದೊಯ್ಯುವ ಮೊದಲು, ಒಂದೇ ಬ್ಯಾಕ್ಟೀರಿಯಾ ಇಬ್ಬರು ರೋಗಿಗಳಲ್ಲಿ ಕಾಣಿಸಿಕೊಂಡ ದಿನ. ಸಿಕ್ಕರೆ ಯಾರು ಏನು ಮಾಡಬೇಕು, ಯಾರಿಗೆ ಕೋಣೆ ಮುಚ್ಚುವ ಅಧಿಕಾರ ಇದೆ ಎಂಬುದು ಯಂತ್ರ ಬರುವ ಮೊದಲೇ ಕಾಗದದ ಮೇಲೆ ಇರಲಿ. ಘನ ಮೀಟರಿಗೆ ಇಷ್ಟು ಬಗ್ಗದ ಬ್ಯಾಕ್ಟೀರಿಯಾ ದಾಟಿದರೆ ಅಪಾಯ ಎಂಬ, ಎಲ್ಲರೂ ಒಪ್ಪಿದ ಗೆರೆ ಇನ್ನೂ ಇಲ್ಲ. ಅವಸರದಲ್ಲಿ ಒಂದು ಸಂಖ್ಯೆ ಬರೆದು ಕೂರಿಸಬೇಡಿ. ಮೊದಲ ವರ್ಷ ನಿಮ್ಮ ನಿಮ್ಮ ವಾರ್ಡಿನ ಮಾಮೂಲಿ ಮಟ್ಟ ಎಷ್ಟು ಎಂದು ನೋಡಿ, ಅದು ಏರಿದಾಗ ಏಳಿ.

ಕಲ್ಚರ್ ಪ್ಲೇಟನ್ನು ಬಿಸಾಡುವಂತಿಲ್ಲ. ಬೇಗ ಬಂದ ಉತ್ತರ ಎಚ್ಚರಿಕೆ ಮಾತ್ರ. ಬ್ಯಾಕ್ಟೀರಿಯಾ ಕೈಗೆ ಸಿಕ್ಕರೆ ತಾನೇ ಅದನ್ನೂ ರೋಗಿಯ ಗಾಯದಲ್ಲಿ ಸಿಕ್ಕದ್ದನ್ನೂ ಹೋಲಿಸಿ ನೋಡಲು ಆಗುವುದು. ಅದೇ ದ್ರವದ ಒಂದು ಪಾಲು ಲ್ಯಾಬಿಗೆ ಬರಲಿ.

ಮಾರುವವರನ್ನು ಒಂದು ಮಾತು ಕೇಳಿ: ಈ ಯಂತ್ರವನ್ನು ನಿಮ್ಮ ಗಾಜಿನ ಪೆಟ್ಟಿಗೆಯಲ್ಲಿ ಬ್ಯಾಕ್ಟೀರಿಯಾ ಸಿಂಪಡಿಸಿ ನೋಡಿದ್ದೀರೋ, ರೋಗಿಗಳಿರುವ ವಾರ್ಡಿನಲ್ಲಿ ನೋಡಿದ್ದೀರೋ? ವಾರ್ಡಿನ ದೂಳು, ನೂಲು, ಕ್ರಿಮಿನಾಶಕದ ಆವಿ ಪಿಸಿಆರನ್ನು ಕಟ್ಟಿಹಾಕಬಲ್ಲವು. ಆಗ ಇದ್ದದ್ದೂ ಇಲ್ಲ ಅನ್ನುತ್ತದೆ. ಅದು ಸುಳ್ಳು ಎಚ್ಚರಿಕೆಗಿಂತ ಕೆಟ್ಟದ್ದು.

ನಿಮ್ಮ ಹತ್ತಿರ ಇರುವ ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ಯಂತ್ರ ಬೇಡ. ಮೊದಲು ಗಾಳಿ ಬದಲಾಗುವುದನ್ನು ಸರಿಮಾಡಿ. ನನ್ನ ವಾದಕ್ಕೆ ಇದು ಅಡ್ಡ ಬರುತ್ತದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಗಂಟೆಗೆ ಎರಡು ಸಲ ಗಾಳಿ ಬದಲಾಗುವ ಐಸಿಯುವಿಗೆ ಬ್ಯಾಕ್ಟೀರಿಯಾ ಪತ್ತೆ ಯಂತ್ರ ಯಾಕೆ, ಅಲ್ವಾ? ಅಲ್ಲಿ ಏನು ಸಿಗುತ್ತದೆ ಎಂದು ಪರೀಕ್ಷೆ ಮಾಡದೆಯೇ ಹೇಳಬಹುದು.

ಕೊನೆಯದಾಗಿ, ಸಿಕ್ಕಿತು ಎಂದು ಹೇಳಿದ ವಾರ್ಡಿಗೆ ದಂಡ ಹಾಕಬೇಡಿ. ಹುಡುಕಿದವರಿಗೇ ಸಿಗುವುದು. ಹೇಳಿದವರನ್ನು ಪಟ್ಟಿಯಲ್ಲಿ ಕೆಳಗೆ ಹಾಕಿದರೆ ಮುಂದಿನ ತಿಂಗಳಿಂದ ಯಂತ್ರ ಖಾಲಿ ಕಾರಿಡಾರಿನಲ್ಲಿ, ಕಿಟಕಿ ತೆರೆದಿಟ್ಟು, ಗಾಳಿ ಎಳೆಯುತ್ತದೆ. ಪ್ಲೇಟಿನ ಕಾಲದಲ್ಲೂ ಇದು ನಡೆಯದೇ ಇಲ್ಲ. ಎಷ್ಟು ಸಲ ಪರೀಕ್ಷೆ ಮಾಡಿದರು, ಎಷ್ಟು ಸಲ ಸಿಕ್ಕಿತು, ಅದರಲ್ಲಿ ಎಷ್ಟು ಸುಳ್ಳು, ಸಿಕ್ಕ ಮೇಲೆ ಎಷ್ಟು ಗಂಟೆಯಲ್ಲಿ ಏನು ಮಾಡಿದರು ಎಂಬ ನಾಲ್ಕು ಅಂಕಿಗಳನ್ನು ಪ್ರತಿ ಆಸ್ಪತ್ರೆ ಜನರ ಮುಂದಿಡಲಿ. ಅಂಕ ಕೊಡುವುದೇ ಆದರೆ ಕೊನೆಯದಕ್ಕೆ ಕೊಡಿ.

ನಿಯಮದ ಕರಡು ಬರೆಯಲು ಕೂತಾಗ ಸೋಂಕು ನಿಯಂತ್ರಣದ ನರ್ಸ್‌ಗಳನ್ನು ಕರೆಯಿರಿ. ಯಂತ್ರ ಎತ್ತಿಕೊಂಡು ಓಡಾಡುವವರು ಅವರು. ದಿನಕ್ಕೆ ನಾಲ್ಕು ಸಲ ಗಾಳಿ ಎಳೆಯುವ ಕೆಲಸವನ್ನು ಅವರ ಈಗಿನ ಕೆಲಸದ ಮೇಲೆ ಹೇರುವುದಾದರೆ, ಯಾವ ಕೆಲಸ ಕಡಿಮೆ ಮಾಡುತ್ತೀರಿ ಎಂದೂ ಅದೇ ಕರಡಿನಲ್ಲಿ ಬರೆಯಿರಿ.

ಇಂತಿ,
ಆಸ್ಪತ್ರೆ ಲ್ಯಾಬಿನ ಒಬ್ಬ ಮೈಕ್ರೊಬಯಾಲಜಿಸ್ಟ್